‘ದೊಡ್ಡವನು’ ಎಂದು ಓದಿದ ತಪ್ಪಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಏಳನೇ ತರಗತಿಯ ಮಲಯಾಳಂ ಪಾಠವನ್ನು ನೀರು ಕುಡಿದಷ್ಟು ಸಲೀಸಾಗಿ ಓದುವ ನನ್ನ ಮಗಳು ಶೋಭಳನ್ನು ನಿಮ್ಮ ಶಾಲೆ ಓದು ಬಾರದವಳೆಂದು ತೀರ್ಮಾನಿಸಿ, ಎರಡನೇ ತರಗತಿಯ ಮಕ್ಕಳ ಜೊತೆ ಅಕ್ಷರ ತಿದ್ದಲು ಕೂರಿಸಿದೆ. ಆ ಪುಟ್ಟ ಬೆಂಚಿನಲ್ಲಿ ಅವಳ ಮೊಣಕಾಲು ಹಿಡಿಸುವುದಿಲ್ಲ. ಇನ್ನು ಶಾಲೆಗೇ ಹೋಗುವುದಿಲ್ಲ ಅನ್ನುತ್ತಲೇ ದಿನವೂ ಹೋಗುತ್ತಿದ್ದಾಳೆ. ಈ ವಿಷಯವನ್ನು ಎರಡು ಸಲ ಮಲಯಾಳಂನಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟೆ. ನಿಮಗೆ ಓದಲು ಬರುವ ಭಾಷೆಯಲ್ಲಿ ಬರೆದದ್ದನ್ನು ನೀವು ಓದಲಿಲ್ಲ. ಬಾರದ ಭಾಷೆಯಲ್ಲಿ ಬರೆದರೆ ಯಾರಿಂದಲಾದರೂ ಓದಿಸಿ ಕೇಳುತ್ತೀರೇನೋ ಎಂದು ಈಗ ಗಡಿಯಾಚೆಯ ಪತ್ರಿಕೆಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಗುಂಡ್ಲುಪೇಟೆ ಕಡೆಯ ಶಾಲೆಯಲ್ಲಿ ಕಲಿತ ಕನ್ನಡ ಇದು.

ನಮ್ಮ ಹಾಡಿ ಗಡಿಯ ಈಚೆಗೆ, ಪೊನ್ಕುಳಿಯ ಹತ್ತಿರ, ಕಾಡಿನ ಅಂಚಿನಲ್ಲಿ. ಸೊಂಡಿಲು, ದಂತ, ಮೊರದಂಥ ಕಿವಿಯ ಆ ಪ್ರಾಣಿಯ ಹೆಸರನ್ನು ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ. ಹೆಸರು ಹಿಡಿದರೆ ಕರೆದಂತೆ. ದೊಡ್ಡವನು ಅನ್ನುತ್ತೇವೆ, ಅಷ್ಟೇ. ನನ್ನ ಅಪ್ಪ ಕಾಳ ಹೋದ ವರ್ಷ ಸತ್ತದ್ದು ಅದರ ಕಾಲಿಗೆ ಸಿಕ್ಕಿ, ಶೋಭ ದಿನವೂ ಶಾಲೆಗೆ ನಡೆಯುವ ದಾರಿಯಲ್ಲೇ. ಇದೆಲ್ಲ ನಂಬುತ್ತೀಯೇನಯ್ಯ ಎಂದು ನೀವು ನಗಬಹುದು. ನಾನು ಅರಣ್ಯ ಇಲಾಖೆಯ ದಿನಗೂಲಿ ವಾಚರ್. ನಿಮ್ಮ ಕಚೇರಿಯ ಫ್ಯಾನಿನ ಕೆಳಗೆ ಕೇಳಿದರೆ ನಂಬುವುದಿಲ್ಲ ಎನ್ನುತ್ತೇನೆ. ಸಂಜೆ ಕಾಡಿನೊಳಗೆ ಬಂದು ಕೇಳಿ, ಬೇರೆ ಉತ್ತರ ಕೊಡುತ್ತೇನೆ.

ಗಟ್ಟಿಯಾಗಿ ಓದಿಸುವ ಪರೀಕ್ಷೆಯ ದಿನ ಶೋಭಳ ಪಾಲಿಗೆ ಬಂದದ್ದು ದೇವಸ್ಥಾನದ ಉತ್ಸವದ ಪಾಠ. ಅದರಲ್ಲಿ ಹಣೆಗೆ ಚಿನ್ನದ ಪಟ್ಟ ಕಟ್ಟಿಕೊಂಡು ನಿಲ್ಲುವವನು ಯಾರು? ಅವನೇ. ಸಾಲಿಗೊಂದು ಸಲ ಅವನ ಹೆಸರು. ಹುಡುಗಿ ಬುದ್ಧಿವಂತೆ, ನಿಲ್ಲಿಸಲಿಲ್ಲ. ಹೆಸರು ಬಂದಲ್ಲೆಲ್ಲ ಮಲಯಾಳಂನಲ್ಲೇ ‘ವಲಿಯವನ್’, ಅಂದರೆ ದೊಡ್ಡವನು, ಎಂದು ಬದಲಿಸಿ ಓದಿದಳು. ಉಳಿದ ಒಂದು ಮಾತೂ ತಪ್ಪಲಿಲ್ಲ. ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರ್, “ಶೋಭೇ, ಅಕ್ಷರಂ ನೋಕ್ಕಿ ವಾಯಿಕ್ಕ್” ಎಂದರಂತೆ. ಅಕ್ಷರ ನೋಡಿ ಓದು ಎಂದು; ಚಿತ್ರ ನೋಡಿ ಊಹಿಸುತ್ತಿದ್ದಾಳೆ ಎಂದುಕೊಂಡರು. ಆಮೇಲೆ ಅವಳು ಬಾಯಿ ಬಿಡಲಿಲ್ಲ. ಅಕ್ಷರ ಗುರುತಿಸಲಾರಳು ಎಂದು ಬರೆದುಕೊಂಡರು.

ಅದೇ ಪಾಠದ ಕೊನೆಯಲ್ಲಿ ಅಭ್ಯಾಸವೊಂದಿದೆ ಸ್ವಾಮಿ: ಆ ಪ್ರಾಣಿಗೆ ಬೇರೆ ಹೆಸರುಗಳನ್ನು ಬರೆಯಿರಿ! ಹಿಂದಿನ ಕಾಲದ ಪಂಡಿತರು ಅದರ ಕೈಯಂಥ ಸೊಂಡಿಲು ನೋಡಿ ಒಂದು ಹೆಸರಿಟ್ಟರು, ದಂತ ನೋಡಿ ಇನ್ನೊಂದಿಟ್ಟರು. ಅವನ್ನು ಗಿಣಿಪಾಠ ಒಪ್ಪಿಸಿದ ಮಗುವಿಗೆ ಪೂರ್ತಿ ಅಂಕ. ನಮ್ಮ ಹಿರಿಯರು ಅದರ ಗಾತ್ರ ನೋಡಿ ಇಟ್ಟ ಹೆಸರು ಹೇಳಿದರೆ ಸೊನ್ನೆ. ಪಂಡಿತರದು ಭಾಷೆ, ನಮ್ಮದು ದಡ್ಡತನವೇ? ಇಲ್ಲಿವರೆಗೆ ನಾನೂ ಆ ಹೆಸರು ಬರೆದಿಲ್ಲ. ಯಾವ ಪ್ರಾಣಿ ಎಂದು ನಿಮಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತಲ್ಲ? ಹಾಗಾದರೆ ಅವಳು ಓದಿದ್ದು ಓದಲ್ಲವೇ?

ಟೀಚರ್ ಕೆಟ್ಟವರಲ್ಲ. ನಾನು ಹೋಗಿ ವಿವರಿಸಿದಾಗ ಅವರ ಮುಖ ಸಪ್ಪಗಾಯಿತು. “ಅಯ್ಯೋ ಜಯನ್ ಚೇಟ್ಟಾ, ಮೊದಲೇ ಗೊತ್ತಿದ್ದರೆ! ಈಗ ಶೋಭಳ ಹೆಸರು ಮೇಲಕ್ಕೆ ಹೋಗಿಬಿಟ್ಟಿದೆ, ನನ್ನ ಕೈಯಲ್ಲಿಲ್ಲ” ಎಂದರು. ಮೇಲೆ ಎಂದರೆ ನೀವು. ನಿಮ್ಮ ಕಚೇರಿಯಲ್ಲಿ ಕೇಳಿದರೆ, ಕಾಡಿನ ಮಕ್ಕಳಿಗಾಗಿಯೇ ಮಾಡಿದ ವಿಶೇಷ ತರಗತಿ, ಖುಷಿಪಡಿ ಎಂದು ಕಳಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹತ್ತಿರ ಏನು ವಾದ ಮಾಡಲಿ? ನನಗೆ ಅಲ್ಲೇ ಅಳು ಬಂತು. ಗಂಡಸು ಎಂದು ನುಂಗಿಕೊಂಡೆ.

ಮೊನ್ನೆ ಭಾನುವಾರ ನಾವೆಲ್ಲ ಅಂಗಳದಲ್ಲಿ ಗೆಣಸು ಸುಲಿಯುತ್ತಿದ್ದಾಗ ಶೋಭ ಕೇಳಿದಳು, “ಅಪ್ಪಾ, ನಾ ಆ ಹೆಸ್ರ ಹೇಳ್ಬುಟ್ರೆ ಏಳಕ್ಕೆ ತಿರ್ಗಾ ಕೂರುಸ್ತಾರಾ?”

ನನ್ನ ಹೆಂಡತಿ ಶಾಂತ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದಳು. ಉತ್ತರ ಕೊಟ್ಟವಳು ನನ್ನ ಅವ್ವ.

“ಹೇಳ್ಲಿ ಬುಡು ಮಗಾ. ಪಠಿಪ್ಪು ಬೇಕಲ್ಲ ಕೂಸ್ಗೆ. ಸ್ಕೂಲಲ್ಲಿ ಹೇಳು ಕೂಸೇ, ದಾರೀಲಿ ಮಾತ್ರ ಹೇಳ್ಬ್ಯಾಡ.”

ಗಂಡನ ಹೆಣದ ಮುಂದೆ ಎದೆ ಬಡಿದುಕೊಂಡು ಅಳುವಾಗಲೂ ಆ ಹೆಸರೆತ್ತಿ ಶಪಿಸದವಳು ನನ್ನ ಅವ್ವ, ಮಾನ್ಯರೇ. ಮೊಮ್ಮಗಳ ಓದಿಗಾಗಿ ಅದನ್ನೂ ಬಿಟ್ಟುಕೊಟ್ಟಳು. ಮಾರನೆಯ ಬೆಳಗಿನಿಂದ ಹೆದ್ದಾರಿಯವರೆಗೂ ಹುಡುಗಿಯ ಹಿಂದೆಯೇ ನಡೆಯುತ್ತಿದ್ದಾಳೆ, ಕುಂಟುತ್ತ.

ನಾನು ಬೇಡುವುದು ಕಟ್ಟಡವಲ್ಲ, ಯೋಜನೆಯಲ್ಲ. ಒಂದು ದಿನ ಶಾಲೆಗೆ ಬನ್ನಿ. ಬೇರೆ ಯಾವ ಪಾಠವನ್ನಾದರೂ, ಪುಸ್ತಕದ ಅತಿ ಕಷ್ಟದ್ದನ್ನೇ ಆರಿಸಿ ಶೋಭಳ ಕೈಗೆ ಕೊಟ್ಟು ಓದಿಸಿ, ನಿಮ್ಮ ಕಿವಿಯಾರೆ ಕೇಳಿ, ಅವಳನ್ನು ಅವಳ ತರಗತಿಗೆ ಕಳಿಸಿ. ಆದರೆ ಬೇಗ ಬನ್ನಿ. ಅಜ್ಜಿ ಒಪ್ಪಿಗೆ ಕೊಟ್ಟಾಗಿದೆ, ಹುಡುಗಿ ಈಗ ನನ್ನೊಬ್ಬನ ಮಾತಿಗಾಗಿ ಕಾಯುತ್ತಿದ್ದಾಳೆ. ನಾನು ಹೂಂ ಎಂದ ದಿನ ಅವಳು ನಿಮ್ಮ ಪರೀಕ್ಷೆಯಲ್ಲಿ ಪಾಸಾಗುತ್ತಾಳೆ. ಸಂಜೆ ಅದೇ ದಾರಿಯಲ್ಲಿ ಮನೆಗೆ ನಡೆದು ಬರಬೇಕಾದವಳೂ ಅವಳೇ.

ಇಂತಿ,
ಹೂಂ ಎನ್ನಲೂ ಉಹೂಂ ಎನ್ನಲೂ ಧೈರ್ಯ ಸಾಲದ
ಶೋಭಳ ಅಪ್ಪ, ಜಯನ್