ಹುಲಿಗೆಮ್ಮನಿಂದ ನಾನು ಹಾಕಿಸಿದ ಸಹಿ

ಕೆಳಪೇಟೆ, ಕಲಬುರಗಿ
ಮೂರನೇ ವೈಶಾಖ, ಮೂವತ್ತಾರನೇ ದಿನ, 2171

ಚಂದಮ್ಮಾ,

ಮೂರನೇ ವೈಶಾಖ ಅಂದರೆ ನಿನಗೆ ನಗು ಬಂದೀತು. ನಿಮ್ಮ ಕಾಲಕ್ಕೆ ಅದು ಒಂದೇ ಇತ್ತಂತೆ. ಬಿಸಿಲು ಉದ್ದವಾದ ಹಾಗೆ ನಾವು ತಿಂಗಳನ್ನೂ ಉದ್ದ ಮಾಡಿಕೊಂಡೆವು. ನನ್ನ ಬರಹದಲ್ಲಿ ತಿಳಿಯದ ಶಬ್ದ ಸಿಕ್ಕರೆ ಮನ್ನಿಸು. ನನ್ನ ಶಾಲೆ ನಾಲ್ಕನೇ ಇಯತ್ತೆಗೇ ನಿಂತಿತು, ಮುಂದಿನದನ್ನೆಲ್ಲ ಹಳೇ ಕರಾರುಪತ್ರಗಳನ್ನು ಓದಿ ಓದಿ ಕಲಿತೆ. ನಾನು ನಿನ್ನ ಮಗಳ ಮಗಳ ಮಗಳ ಮಗಳು, ನಿಂಗಮ್ಮ. ನನಗೀಗ ಎಪ್ಪತ್ನಾಲ್ಕು, ನಿನಗೆ ಮೂವತ್ತೊಂದು. ಅದಕ್ಕೇ ಅಜ್ಜಿ ಅನ್ನಲು ನಾಲಿಗೆ ಏಳುತ್ತಿಲ್ಲ. ಹಿಂದಿನವರಿಗೆ ಬರೆಯುವ ಟಪಾಲು ಈಗ ಬಂದಿದೆ, ಹಿಂದಂಚೆ ಅಂತ ಅದರ ಹೆಸರು. ಹತ್ತರಲ್ಲಿ ಒಂದು ಮುಟ್ಟುತ್ತದಂತೆ. ಇದು ಮುಟ್ಟಲಿ ಅಂತ ಒಂದು ಮನಸ್ಸು, ಮುಟ್ಟದಿದ್ದರೆ ಬಚಾವಾದೆ ಅಂತ ಇನ್ನೊಂದು.

ಈಗ ಇಲ್ಲಿ ನೆಲದ ಮೇಲೆ ಸಂಸಾರ ಮಾಡುವವರಿಲ್ಲ. ಶಹಾಬಾದಿ ಕಲ್ಲು ತೆಗೆದ ಹಳೇ ಗಣಿಗಳ ಗೋಡೆಯಲ್ಲೇ ಮನೆ ಕೊರೆದುಕೊಂಡಿದ್ದೇವೆ. ಕೆಳಗೆ ತಂಪು, ಮೇಲೆ ಬೆಂಕಿ. ಒಂದು ಓಣಿಗೆ ಎಂಟು ಮನೆ, ಎಂಟಕ್ಕೂ ಸೇರಿ ಒಂದೇ ಉಸಿರುಗಂಡಿ, ಅಂದರೆ ಗಾಳಿ ಎಳೆಯುವ ಕೊಳವೆ. ಹೀಗಾಗಿ ಒಬ್ಬರ ಮನೆಯ ಒಗ್ಗರಣೆಗೆ ಎಂಟು ಮನೆ ಸೀನುತ್ತದೆ. ಬೆಳಿಗ್ಗೆ ಎದ್ದರೆ ಯಾರ ಮನೆಯಲ್ಲಿ ಮೆಂತ್ಯೆ, ಯಾರ ಮನೆಯಲ್ಲಿ ಪುಂಡಿಪಲ್ಲೆ ಅಂತ ಹಾಸಿಗೆಯಲ್ಲೇ ಗೊತ್ತಾಗುತ್ತದೆ. ಬಾಡಿಗೆಗೆ ಬರುವವರ ಊಟ ಕೇಳಬಾರದು ಅಂತ ಕಾಯ್ದೆ ಇದೆ, ಚಂದಮ್ಮಾ. ಅದಕ್ಕೆ ಯಾರೂ ಕೇಳುವುದಿಲ್ಲ. "ಗಾಳಿ ಹೊಂದಂಗಿಲ್ರಿ" ಅನ್ನುತ್ತಾರೆ, ಅಷ್ಟೇ.

ಹಾಗೆ ಅನ್ನಿಸಿಕೊಂಡವರಿಗಾಗಿ ಬಾಡಿಗೆದಾರರ ಕಟ್ಟೆ ಅಂತ ಇದೆ. ಪುಕ್ಕಟೆ. ಗುರುವಾರ ಗುರುವಾರ ನೀರಿನ ತೊಟ್ಟಿಯ ಪಕ್ಕ ಕೂಡುತ್ತೇವೆ. ಕಟ್ಟೆಯವರಿಗೆ ಎರಡು ಕೆಲಸ. ಒಂದು, ಕಾಯ್ದೆ ಏನಿದೆ ಅಂತ ತಿಳಿಸಿ ಹೇಳುವುದು. ಇನ್ನೊಂದು ಜೊತೆನಡೆ: ಬಾಡಿಗೆಯವರು ಕರೆದರೆ ಅವರೊಂದಿಗೆ ಮಾಲೀಕರ ಬಾಗಿಲತನಕ ನಡೆದು, ಅವರ ಪರವಾಗಿ ಮಾತಾಡುವುದು. ಕರೆದರೆ ಇಲ್ಲ ಅನ್ನುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಅಲ್ಲಿ ಕೂತೆ. ಜನ ನನ್ನನ್ನು "ಕಟ್ಟೆ ನಿಂಗಮ್ಮ" ಅನ್ನುತ್ತಿದ್ದರು, ನನಗೂ ಅದರಿಂದ ಸ್ವಲ್ಪ ಕೊಬ್ಬು ಬಂದಿತ್ತು.

ಮೊದಲನೇ ವೈಶಾಖದ ಕೊನೆಗೆ ಹುಲಿಗೆಮ್ಮ ಬಂದಳು. ಮೇಲೆ ಬೀದಿಗೆ ಕಟ್ಟುವ ನೆರಳುಬಟ್ಟೆ ಹೊಲಿಯುವವಳು. ನೀನೂ ಹೊಲಿಗೆಯವಳೇ ಅಲ್ಲವೇ. ಹಾಸಿಗೆ ಹಿಡಿದ ತಾಯಿಯ ಜೊತೆ ನಮ್ಮದೇ ಓಣಿಯ ಮೂಲೆಮನೆಗೆ ಬಾಡಿಗೆಗೆ ಬಂದು ಎರಡು ತಿಂಗಳಾಗಿತ್ತು. ಮಾಲಕಿ ಕಮಲಾಬಾಯಿ ಗಾಳಿಯ ತಕರಾರು ತೆಗೆದಿದ್ದಳು. ಹುಲಿಗೆಮ್ಮ ನನ್ನ ಮುಂದೆ ಕೂತು, "ಯಕ್ಕಾ, ನೀವು ಬಂದು ಒಂದು ಮಾತು ಹೇಳ್ರಿ ಸಾಕು. ನನ್ನ ಮಾತು ಆಕಿ ಕಿವಿಗೆ ಹೋಗಂಗಿಲ್ಲ, ಬರೇ ನನ್ನ ಮೀನಿನ ವಾಸನಿ ಹೋಗತೈತಿ" ಅಂತ ನಕ್ಕಳು. ನಾನೂ ನಕ್ಕೆ. ನಗುತ್ತಲೇ ನನ್ನ ಮಣೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡೆ. ಅವಳ ಸೀರೆಯಲ್ಲಿ ಒಣಮೀನಿನ ವಾಸನೆ ಇತ್ತು. ಆ ವಾಸನೆ ಎರಡು ತಿಂಗಳಿಂದ ನನ್ನ ಮನೆಗೂ ಬರುತ್ತಿತ್ತು.

"ಜಗಳ ಯಾಕ ತಂಗಿ, ಬಾಯಿಮಾತು ಬ್ಯಾಡ, ಬರದು ಕೊಟ್ಟು ಬಿಡು" ಅಂದೆ. ಕಾಗದ ನಾನೇ ಬರೆದೆ: 'ನನ್ನ ಅಡುಗೆಯಿಂದ ಓಣಿಗೆ ತೊಂದರೆಯಾಗಿದ್ದು ನಿಜ, ಇನ್ನು ಮುಂದೆ ಮೀನು ಬೇಯಿಸುವುದಿಲ್ಲ.' ಅವಳು ತಡೆದು ತಡೆದು ಸಹಿ ಹಾಕಿದಳು. ಎರಡು ಮನೆಗೂ ಸಮಾಧಾನ ಮಾಡಿದೆ ಅಂತ ಅಂದು ಹೋಳಿಗೆ ತಿಂದವಳ ಹಾಗೆ ಮಲಗಿದೆ. ಬುದ್ಧಿಯಿಂದ ಬರಬೇಕಾದ ಸಲಹೆ ಮೂಗಿನಿಂದ ಬಂದಿತ್ತು.

ಕಮಲಾಬಾಯಿ ಅದೇ ಕಾಗದವನ್ನು ಬಾಡಿಗೆ ಮಂಡಳಿಗೆ ಒಯ್ದಳು. ತೊಂದರೆ ಮಾಡಿದ್ದೇನೆ ಅಂತ ತಾನೇ ಬರೆದು ಕೊಟ್ಟವಳನ್ನು ಮನೆ ಬಿಡಿಸಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಮೂರು ದಿನದಲ್ಲಿ ತಾಯಿ ಮಗಳು ಮೇಲಕ್ಕೆ ಹೋದರು, ಬಿಸಿಲಿಗೆ. ಹಳೇ ಬಸ್‌ ನಿಲ್ದಾಣದ ನೆರಳಿನಲ್ಲಿ ಗುಡಾರ.

ಇದನ್ನು ಸರಿಪಡಿಸುವ ದಾರಿ ಒಂದೇ ಇತ್ತು, ಮೊದಲ ದಿನದಿಂದಲೂ ನನಗೆ ಗೊತ್ತಿತ್ತು. ಕಟ್ಟೆಯವರೇ ಮಂಡಳಿಯ ಮುಂದೆ ನಿಂತು "ನಾನೇ ತಪ್ಪು ಹೇಳಿಕೊಟ್ಟೆ" ಅಂದರೆ ಆ ಸಹಿ ರದ್ದು. ಹಾಗೆ ಅಂದವರು ಮತ್ತೆ ಕಟ್ಟೆ ಹತ್ತುವ ಹಾಗಿಲ್ಲ. ನಾನು ಹೋಗಲಿಲ್ಲ. ಮೊಣಕಾಲು ನೋವು ಅಂದೆ. ಬೇರೆ ಯಾರಾದರೂ ಏನಾದರೂ ಮಾಡಿಯಾರು ಅಂದುಕೊಂಡೆ.

ಅವರು ಮೇಲೆ ಹೋದ ಹದಿನೇಳನೇ ದಿನ, ಅವಳಿಗೆ ಅನುಕೂಲವಾಗುವ ಹಳೇ ಕರಾರು ಸಿಕ್ಕೀತೇ ಅಂತ ನಮ್ಮ ಮನೆಯ ತಗಡಿನ ಡಬ್ಬಿ ತೆಗೆದೆ. ನಾನು ಹೋಗದೆ ಕಾಗದವೇ ಹೋಗಲಿ ಅನ್ನುವ ಆಸೆ. ಅಡಿಯಲ್ಲಿ ನಿನ್ನ ಬಾಂಡ್ ಪೇಪರ್ ಇತ್ತು, ಚಂದಮ್ಮಾ. 'ವಯಸ್ಸು 31, ಉದ್ಯೋಗ ಹೊಲಿಗೆ. ಬಾಡಿಗೆದಾರರು ಮನೆಯಲ್ಲಿ ಮೀನು, ಮಾಂಸ, ತತ್ತಿ ಬೇಯಿಸತಕ್ಕದ್ದಲ್ಲ.' ಕೆಳಗೆ ನಿನ್ನ ದುಂಡನೆಯ ಸಹಿ. ಹಿಂದೆ ಪೆನ್ಸಿಲಿನಲ್ಲಿ ಸಂತೆಯ ಪಟ್ಟಿ: ತತ್ತಿ ಒಂದು ಡಜನ್, ಒಣ ಸೀಗಡಿ, ಉಳ್ಳಾಗಡ್ಡಿ, ಪುಟಾಣಿ. ಮೊದಲಿನ ಎರಡಕ್ಕೆ ನೀನು ಕಾಗದ ಹರಿಯುವ ಹಾಗೆ ಗೀಟು ಎಳೆದಿದ್ದೆ.

ನನ್ನ ಅವ್ವ ಸಾಯುವತನಕ "ನಮ್ಮ ಮನಿತನದಾಗ ಯಾರೂ ಮುಟ್ಟಿಲ್ಲವ್ವ" ಅನ್ನುತ್ತಿದ್ದಳು. ಅವಳಿಗೂ ಗೊತ್ತಿರಲಿಲ್ಲ. ಎರಡು ಕೋಣೆಯ ಮನೆಗಾಗಿ ನೀನು ಬಿಟ್ಟದ್ದನ್ನು ನಾವು ಹುಟ್ಟುಗುಣ ಅಂದುಕೊಂಡೆವು. ಅದೇ ಹೆಮ್ಮೆಯ ಮೂಗಿನಿಂದ ನಾನು ಇನ್ನೊಬ್ಬ ಹೊಲಿಗೆಯವಳ ಮನೆ ಬಿಡಿಸಿದೆ.

ಇಷ್ಟು ತಿಳಿದ ಮೇಲೂ ಒಂಬತ್ತು ದಿನ ಸುಮ್ಮನಿದ್ದೆ. ನಿನಗೆ ಸುಳ್ಳು ಬರೆಯಲಾರೆ.

ಹತ್ತನೇ ದಿನ ಮಂಡಳಿಗೆ ಹೋಗಿ ನಿಂತೆ. ತಪ್ಪು ಹೇಳಿಕೊಟ್ಟೆ ಅಂದೆ, ಯಾಕೆ ಹೇಳಿಕೊಟ್ಟೆ ಅಂತಲೂ ಅಂದೆ. ಕಮಲಾಬಾಯಿ ಬಾಯಿಗೆ ಸೆರಗು ಹಿಡಿದು, "ಕಟ್ಟೆ ನಿಂಗಮ್ಮ ಇವತ್ತು ಕಟ್ಟಿ ಇಳದಳು ನೋಡ್ರಿ" ಅಂತ ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಸಹಿ ರದ್ದಾಯಿತು, ಹುಲಿಗೆಮ್ಮನಿಗೆ ಮನೆ ಮರಳಿತು. ಅವಳ ಜೊತೆ ಬಾಗಿಲತನಕ ನಡೆಯಲು ಎದ್ದೆ. "ಬ್ಯಾಡ್ರಿ" ಅಂದಳು. "ಇಪ್ಪತ್ತಾರು ದಿನ ನಮ್ಮವ್ವನ್ನ ಹಸಿ ಗೋಣಿಚೀಲದಾಗ ಸುತ್ತಿ ಸುತ್ತಿ ಉಳಿಸಿಕೊಂಡೀನಿ. ಆವಾಗ ಬರಬೇಕಿತ್ರಿ ಯಕ್ಕಾ. ಈಗ ದಾರಿ ನನಗೂ ಗೊತ್ತೈತಿ."

ಇವತ್ತು ಮಧ್ಯಾಹ್ನ ಉಸಿರುಗಂಡಿಯಿಂದ ಒಣಮೀನಿನ ವಾಸನೆ ಬಂತು. ಉಳಿದ ಏಳು ಮನೆಯಲ್ಲಿ ಒಂದರಿಂದಲೂ ಗಾಳಿಯ ತಕರಾರು ಬರಲಿಲ್ಲ. ನಾನು ಬೇಡ ಬೇಡ ಅಂದುಕೊಳ್ಳುತ್ತಿದ್ದಂತೆ ನನ್ನ ಕೈ ತಾನೇ ಮೂಗಿಗೆ ಹೋಯಿತು. ಈ ವಯಸ್ಸಿಗೆ ಅದು ಕಲಿಯಲಾರದು.

ಅದಕ್ಕೇ ಬರೆಯುತ್ತಿದ್ದೇನೆ. ಆ ಬಾಂಡಿಗೆ ನೀನು ಸಹಿ ಹಾಕುವ ಮೊದಲೇ ಇದು ಮುಟ್ಟಿದರೂ, ಹಾಕಬೇಡ ಅನ್ನುವ ಮುಖ ನನಗಿಲ್ಲ. ಮಗುವನ್ನು ಕಟ್ಟಿಕೊಂಡು ಬೀದಿಯಲ್ಲಿ ನಿಂತವಳಿಗೆ ಮನೆ ಬೇಕು. ಸಹಿ ಹಾಕು, ಮನೆ ಹಿಡಿ. ಆದರೆ ನಿನ್ನ ಮಗಳಿಗೆ ತಿಳುವಳಿಕೆ ಬಂದ ದಿನ ಹತ್ತಿರ ಕೂಡಿಸಿಕೊಂಡು ಹೇಳು: ನಾವು ತಿನ್ನುತ್ತಿದ್ದೆವು, ಮನೆಗೋಸ್ಕರ ಬಿಟ್ಟೆವು. ರುಚಿ ಇತ್ತು ಅಂತಲೂ ಹೇಳು.

ನಿನ್ನ
ನಿಂಗಮ್ಮ