ಎಡೆಯ ಮುಂದೆ ಕರೆಯದ ಹೆಸರು

ತಾರ್ತು, ನವೆಂಬರ್ 1920

ಚಿರಂಜೀವಿ ಯಾಗುಪನಿಗೆ ಅಮ್ಮನ ಆಶೀರ್ವಾದ.

ನೀನು ಯುದ್ಧಕ್ಕೆ ಹೊರಟಾಗ ರೈಲು ನಿಲ್ದಾಣದ ಹಲಗೆಯ ಮೇಲೆ ಯೂರ್ಯೆವ್ ಎಂದಿತ್ತು. ನಿನ್ನ ಅಜ್ಜನ ಕಾಲದಲ್ಲಿ ದೋರ್ಪಾತ್. ಈಗ ದೇಶ ನಮ್ಮದೇ ಆಗಿದೆ, ನಾವು ಮನೆಯಲ್ಲಿ ಅನ್ನುತ್ತಿದ್ದ ಹಾಗೆ ತಾರ್ತು ಎಂದೇ ಬರೆದಿದ್ದಾರೆ. ಟಿಕೆಟ್ ಕೇಳುವಾಗ ಹಾಗೆಯೇ ಹೇಳು. ನಿನ್ನ ವಿಶ್ವವಿದ್ಯಾಲಯದಲ್ಲೂ ಈಗ ನಮ್ಮ ಭಾಷೆಯಲ್ಲೇ ಪಾಠ.

ಸತ್ತವರು ಮನೆಗೆ ಬರುವ ತಿಂಗಳಲ್ಲವೇ, ಮೊನ್ನೆ ಎಡೆಯಿಟ್ಟು ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆದೆವು. ನಿನ್ನ ಅಪ್ಪ, "ಯಾಗುಪ ಹೋಗಿ ಆರು ವರ್ಷ ಆಯ್ತು ಕಣೇ, ಅವನನ್ನೂ ಕರಿ. ಹಸಿದಿರ್ತಾನೆ" ಎಂದರು.

"ನನ್ನ ಮಗ ಬಂದ್ರೆ ಕಾಲಲ್ಲಿ ನಡ್ಕೊಂಡ್ ಬರ್ತಾನೆ. ನೀವ್ ಸುಮ್ನೆ ಕೂತ್ಕೊಳ್ಳಿ" ಎಂದೆ. ಅವರು ನಿನಗೆಂದು ಇಟ್ಟಿದ್ದ ಬಟ್ಟಲನ್ನು ತೆಗೆದುಬಿಟ್ಟೆ.

ಬರುವಾಗ ಬಾಗಿಲನ್ನು ಜೋರಾಗಿ ಬಡಿ, ಮಗನೇ. ಈ ತಿಂಗಳು ಸದ್ದಿಲ್ಲದೆ ಬರುವವರು ಬೇರೆ.

ನಿನ್ನ ಅಮ್ಮ,
ಲೀಸು