ಹತ್ತಿದ ಬೆಂಕಿ, ಹಚ್ಚಿದ ಬೆಂಕಿ

ಏಪ್ರಿಲ್ 28, ಸೋಮವಾರ. ಸಿಂಧನೂರು.

ಅಗ್ನಿಶಾಮಕ ಠಾಣೆ ಸೇರಿ ಒಂಬತ್ತು ವರ್ಷವಾಯಿತು. ವರದಿಯ ಒಂದು ಪದಕ್ಕೆ ಇಷ್ಟು ದಣಿದದ್ದು ಇವತ್ತೇ.

ಮಧ್ಯಾಹ್ನ ಜವಳಗೇರಾದಲ್ಲಿ ಅಂಬಪ್ಪ ತನ್ನ ಗದ್ದೆಯ ಭತ್ತದ ಕೂಳೆ ಸುಡುತ್ತಿದ್ದ. ಗಾಳಿ ತಿರುಗಿ, ಪಕ್ಕದ ಯಮನಮ್ಮನ ಹುಲ್ಲಿನ ಬಣವೆಗೆ ಬೆಂಕಿ ಹಾರಿತು. ನಾವು ತಲುಪುವಷ್ಟರಲ್ಲಿ ಬಣವೆ ಬೂದಿಯಾಗಿತ್ತು. ಅಲ್ಲಿ ಕಟ್ಟಿದ್ದ ಎಮ್ಮೆಯನ್ನು ಅಂಬಪ್ಪನೇ ಒಳನುಗ್ಗಿ ಬಿಚ್ಚಿದ್ದ. ಕರು ಉಳಿಯಲಿಲ್ಲ. ಅವನ ಎರಡೂ ಅಂಗೈ ಬೆಂದಿದ್ದವು.

ವರದಿಯಲ್ಲಿ ಬೆಂಕಿಯ ಬಗೆ ಬರೆಯಬೇಕಿತ್ತು.

“ಕಾಡ್ಗಿಚ್ಚು ಅಂತ ಬರೀರಿ ಸರ್,” ಎಂದ ಅಂಬಪ್ಪ ಮೆಲ್ಲಗೆ.

“ಅಡವಿ ಎಲ್ಲೈತಪ್ಪಾ ಇಲ್ಲಿ?”

“ಹಂಗಾರ ಬೆಂಕಿ ಹತ್ತಿತು ಅಂತ ಬರೀರಿ.”

ಕರುವಿನ ಪಕ್ಕ ಕೂತಿದ್ದ ಯಮನಮ್ಮ ತಲೆ ಎತ್ತಿದಳು. “ಹತ್ತಿದ್ದಲ್ರೀ, ಹಚ್ಚಿದ್ದು. ಹಂಗ ಬರೀರಿ.”

ಇರುವುದು ಒಂದು ಅಕ್ಷರದ ವ್ಯತ್ಯಾಸ. ಹಚ್ಚಿದ್ದು ಎಂದು ಬರೆದರೆ ಅವನ ಮೇಲೆ ಕೇಸು. ಹತ್ತಿದ್ದು ಎಂದರೆ ಆ ಕರು ಯಾರಿಂದಲೂ ಸತ್ತಿಲ್ಲ.

“ಆಕಿ ಹೇಳಿದಂಗ ಬರೀರಿ ಸರ್,” ಎಂದ ಅಂಬಪ್ಪ ಕೊನೆಗೆ. “ನಾನೇ ಹಚ್ಚೀನಿ.”

ಹಾಗೆಯೇ ಬರೆದೆ. ಸಹಿ ಹಾಕಲು ಅವನ ಬೆರಳು ಮಡಚಲಿಲ್ಲ. ಯಮನಮ್ಮ ಎದ್ದು ಹೋಗಿ ಕೊಡ ತಂದಳು. ಮುಖ ಅತ್ತ ತಿರುಗಿಸಿಕೊಂಡೇ ಅವನ ಕೈಮೇಲೆ ನೀರು ಸುರಿಯತೊಡಗಿದಳು. ನಾವು ಹೊರಟಾಗಲೂ ಸುರಿಯುತ್ತಲೇ ಇದ್ದಳು. ಅವನು ಅಳುತ್ತಿದ್ದ.

ನಾನು ಬರೆದದ್ದು ಸುಳ್ಳಲ್ಲ. ಆದರೂ ಆ ಕೈಗಳ ಬಗ್ಗೆ ಬರೆಯಲು ವರದಿಯಲ್ಲಿ ಜಾಗವೇ ಇರಲಿಲ್ಲ.